ಎರಡು ಬೆರಳು ಸಡಿಲ

ಮೆಟ್ಟಿಲ ಕೆಳಗಿನ ಅಂಗಡಿಯಿಂದ,
ಭಾನುವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ನಾನು ಚೆನ್ನಾಗಿದ್ದೇನೆ. ನಿಮ್ಮ ಕಣ್ಣು ಹೇಗಿದೆ? ಇನ್ನೂ ಹಗಲೆಲ್ಲ ಬೋರಲು ಮಲಗಿಯೇ ಇರಬೇಕೇ, ಊಟದ ಹೊತ್ತಿಗಾದರೂ ತಲೆ ಎತ್ತಲು ಬಿಡುತ್ತಾರೆಯೇ? ಕಣ್ಣಿನ ಹಿಂದಿನ ಪರದೆ ಕಿತ್ತುಬಂದಿತ್ತು, ಅದನ್ನು ಒತ್ತಿ ಕೂರಿಸಲು ಒಳಗೆ ಗ್ಯಾಸಿನ ಗುಳ್ಳೆ ಬಿಟ್ಟಿದ್ದಾರೆ, ಅದು ಕರಗುವವರೆಗೆ ಮುಖ ಕೆಳಗೆ ಮಾಡಿಕೊಂಡೇ ಇರಬೇಕು ಎಂದು ಮೈದುನರು ಹೇಳಿದಾಗ ನನಗೆ ಅಳು ಬಂತು. ಹೆಂಡತಿಯಾದವಳಿಗೆ ಬರಬೇಕಾದಷ್ಟು ಬಂತು. ಕುತ್ತಿಗೆ ನೋಯುತ್ತಿದ್ದರೆ ಬಿಸಿನೀರಿನ ಬಟ್ಟೆ ಹಾಕಿಸಿಕೊಳ್ಳಿ. ಓರಗಿತ್ತಿಗೆ ಹೇಳಲು ಸಂಕೋಚ ಪಡಬೇಡಿ, ಅವಳು ಒಳ್ಳೆಯವಳು, ನನ್ನ ಹಾಗಲ್ಲ. ಈ ಪತ್ರವನ್ನು ನಿಮಗೆ ಓದಿ ಹೇಳುತ್ತಿರುವವಳೂ ಅವಳೇ ಎಂದು ನನಗೆ ಗೊತ್ತು. ಓರಗಿತ್ತಿ, ನಿನಗೊಂದು ಮಾತು: ನಾನು ಬರೆದದ್ದನ್ನು ಬರೆದ ಹಾಗೇ ಓದು. ಮಧ್ಯೆ ಸಾಲು ನುಂಗಬೇಡ, ಕೆಮ್ಮಿ ದಾಟಿಸಬೇಡ. ನೀನು ಕೆಮ್ಮಿದರೆ ಇವರಿಗೆ ತಿಳಿಯುತ್ತದೆ. ಗಡಿಯಾರದ ಕಿವಿ ಇವರದು.

ಫೋನು ಇರುವಾಗ ಪತ್ರವೇಕೆ ಎಂದು ನೀವು ಕೇಳುತ್ತೀರಿ. ಫೋನಿನಲ್ಲಿ ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ "ಆಯ್ತು ಆಯ್ತು, ಇಡು" ಎನ್ನುತ್ತೀರಿ. ಪತ್ರವಾದರೆ ಕೊನೆಯವರೆಗೂ ಕೇಳಲೇಬೇಕು. ಬೋರಲು ಮಲಗಿದವರು ಎದ್ದು ಹೋಗುವಂತೆಯೂ ಇಲ್ಲ. ಹೋದ ವಾರ ನೀವು ಹೇಳಿಕಳಿಸಿದ್ದು ತಲುಪಿತು: ಬರುವ ತಿಂಗಳು ಕೆಲಸಕ್ಕೆ ಕೂರಬಹುದು ಎಂದು ಡಾಕ್ಟರು ಹೇಳಿದ್ದಾರೆ, ಮೇಜಿನ ಧೂಳು ಒರೆಸಿಡು, ಆದರೆ ಯಾವುದನ್ನೂ ಇದ್ದ ಜಾಗದಿಂದ ಅಲುಗಿಸಬೇಡ. ಆ ಮೇಜಿನ ಸಮಾಚಾರವನ್ನೇ ಬರೆಯಲು ಕುಳಿತಿದ್ದೇನೆ. ಎಲ್ಲಿ ಕುಳಿತು ಬರೆಯುತ್ತಿದ್ದೇನೆ ಗೊತ್ತೇ? ನಿಮ್ಮ ಅಂಗಡಿಯೊಳಗೆ, ಗಿರಾಕಿಗಳ ಸ್ಟೂಲಿನ ಮೇಲೆ. ಇಪ್ಪತ್ತೆರಡು ವರ್ಷದಲ್ಲಿ ಇದರ ಮೇಲೆ ನಾನು ಕೂತದ್ದು ಈ ಎರಡು ತಿಂಗಳಿಂದ ಮಾತ್ರ. ಒಂದು ಕಾಲು ಗಿಡ್ಡ, ಒಂದು ಕಡೆಗೆ ವಾಲುತ್ತದೆ. ಇಷ್ಟು ದಿನ ಇದನ್ನು ಸಿಂಹಾಸನ ಎಂದುಕೊಂಡಿದ್ದೆನಲ್ಲ, ನಗು ಬಂತು.

ನೀವು ಕಣ್ಣಿನ ಆಪರೇಷನ್ನಿಗೆಂದು ಮೈದುನರ ಮನೆಗೆ ಹೋದ ಮೇಲೆ ಅಂಗಡಿ ಮುಚ್ಚಿಯೇ ಇಡಬಹುದಿತ್ತು. ರಿಪೇರಿಯಾದ ಗಡಿಯಾರಗಳನ್ನು ಒಯ್ಯಲು ಜನ ಮನೆಗೆ ಬರತೊಡಗಿದರು, ಅದಕ್ಕೇ ದಿನಾ ನಾಲ್ಕು ತಾಸು ತೆರೆದೆ. ವಾರದಲ್ಲಿ ಎಲ್ಲ ಗಡಿಯಾರವೂ ಹೋಯಿತು. ಹೊಸದು ಬಂದದ್ದು ಎರಡೇ, ಎರಡೂ ಸೆಲ್ ಹಾಕುವ ಕೆಲಸ. ಆದರೆ ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಹತ್ತಿ ಇಳಿಯುವವರು ಒಬ್ಬರ ಹಿಂದೆ ಒಬ್ಬರು ಕಿಂಡಿಗೆ ತಲೆ ತೂರಿಸಿ ಕೇಳುತ್ತಿದ್ದದ್ದು ಒಂದೇ ಮಾತು: "ಕುಡಿಯೋಕೆ ಏನಾದ್ರೂ ತಣ್ಣಗಿರೋದು ಇದೆಯಾ?" ಎಪ್ಪತ್ತೆರಡು ಮೆಟ್ಟಿಲು ಹತ್ತಿ ಎಪ್ಪತ್ತೆರಡು ಇಳಿದು ರೈಲಿಗೆ ಕಾಯುವವರು ಮತ್ತೇನು ಕೇಳಿಯಾರು? ಇಪ್ಪತ್ತೆರಡು ವರ್ಷ ಅದೇ ಕಿಂಡಿಯಲ್ಲಿ ಕೂತ ನಿಮಗೆ ಇದು ಕೇಳಿಸಲಿಲ್ಲವೇ? ಕೇಳಿಸಿರಲಿಕ್ಕಿಲ್ಲ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಇನ್ನೊಂದು ಕಣ್ಣೂ ಎರಡು ಕಿವಿಯೂ ರಜೆ ಹಾಕುತ್ತಿದ್ದವು.

ಹಾಗೆ ಸೋಡಾ ಯಂತ್ರದ ಯೋಚನೆ ಬಂತು. ಬಾಟಲಿ ಇಟ್ಟು ಮಾರಲು ಫ್ರಿಜ್ ಬೇಕು, ಫ್ರಿಜ್‌ಗೆ ಜಾಗವಿಲ್ಲ. ಯಂತ್ರವಾದರೆ ನಲ್ಲಿ ನೀರನ್ನೇ ಸೋಸಿ, ತಣ್ಣಗೆ ಮಾಡಿ, ಗ್ಯಾಸ್ ತುಂಬಿ, ಗುಂಡಿ ಒತ್ತಿದ ರುಚಿಯನ್ನು ಬೆರೆಸಿ ಲೋಟಕ್ಕೆ ಬಿಡುತ್ತದೆ. ಯಂತ್ರದ ಅಂಗಡಿಗೆ ಮೂರು ಸಲ ಹೋದೆ. ಅಲ್ಲಿ ಟೈ ಕಟ್ಟಿಕೊಂಡ ಮಾರಾಟದವನೊಬ್ಬ ಮೊದಲು ತೋರಿಸಿದ್ದು ಆಳೆತ್ತರದ್ದು. ಬರ್ಫವನ್ನೂ ಅದೇ ಮಾಡಿಕೊಳ್ಳುತ್ತದಂತೆ. ನಮ್ಮ ಬಾಗಿಲಲ್ಲಿ ನಾನೇ ಪಕ್ಕಕ್ಕೆ ತಿರುಗಿ ಹೋಗಬೇಕು, ಅದು ಹೇಗೆ ಹೋದೀತು? ಆಮೇಲೆ ತೋರಿಸಿದ್ದು ಅಂಗೈಯಗಲದ್ದು, ಹೆಬ್ಬೆರಳಿನಷ್ಟು ಗ್ಯಾಸ್ ಡಬ್ಬಿ ಸಿಕ್ಕಿಸುವಂಥದ್ದು. ಮನೆಯಲ್ಲಿ ಇಬ್ಬರು ನೆಂಟರಿಗೆ ಸರಿ, ಮೂರನೆಯವರು ಬಂದರೆ ಡಬ್ಬಿ ಖಾಲಿ. ಮೂರನೇ ಸಲ ಹೋದಾಗ ಸಣ್ಣ ಜಾಗಕ್ಕೆಂದೇ ಮಾಡಿದ ಎರಡು ಯಂತ್ರಗಳು ಬಂದಿದ್ದವು. ಎರಡೂ ಹದಿನೈದು ಅಂಗುಲ ಅಗಲ, ಎರಡೂ ನನ್ನ ಸೊಂಟದಿಂದ ಗಲ್ಲದವರೆಗಿನ ಎತ್ತರ, ನಿಂಬೆ ಶುಂಠಿ ಕಿತ್ತಳೆ ಮತ್ತು ಬರೀ ಸೋಡಾ ಎಂದು ಎರಡಕ್ಕೂ ನಾಲ್ಕು ಗುಂಡಿ. ವ್ಯತ್ಯಾಸ ಒಂದೇ. ಒಂದರ ಪಂಪು ಅದರ ಹೊಟ್ಟೆಯೊಳಗೇ ಇದೆ, ಲೋಟ ತುಂಬುವಾಗ ಮೈಯೆಲ್ಲ ನಡುಗುತ್ತದೆ. ಇನ್ನೊಂದರ ಪಂಪು ಬೇರೆ, ರಬ್ಬರಿನ ಪಾದದ ಮೇಲೆ ನೆಲದಲ್ಲಿ ಕೂರುತ್ತದೆ, ಮೇಲಿನ ಯಂತ್ರ ಮಿಸುಕುವುದಿಲ್ಲ. ನಾನು ಎರಡರ ಮೇಲೂ ಕೈಯಿಟ್ಟು ನೋಡಿದೆ. ಪಕ್ಕದಲ್ಲಿ ಗಡಿಯಾರ ರಿಪೇರಿ ಮಾಡುವವರು ಕೂರುತ್ತಾರೆ, ಕೂದಲೆಳೆಯಂಥ ಸ್ಪ್ರಿಂಗಿನ ಕೆಲಸ ಎಂದು ವಿವರಿಸಿದೆ. "ಹಾಗಾದ್ರೆ ಇದನ್ನ ತಗೋಬೇಡಿ ಮೇಡಂ, ಇದು ನಡುಗೋದು. ಅದನ್ನ ತಗೊಳ್ಳಿ" ಎಂದ. ಅದನ್ನೇ ತೆಗೆದುಕೊಂಡೆ. ಓರಗಿತ್ತಿ, ಈ ಸಾಲನ್ನು ನಿಧಾನಕ್ಕೆ ಓದು. ನಿಮ್ಮನ್ನು ನೆನಪಿಟ್ಟುಕೊಂಡು, ನಡುಗದ ಯಂತ್ರವನ್ನೇ ತೆಗೆದುಕೊಂಡೆ.

ಇನ್ನು ಜಾಗದ ಮಾತು. ನಿಮಗೆ ಗೊತ್ತಿರುವ ಹಾಗೆ ನಮ್ಮ ಅಂಗಡಿ ಏಳಡಿ ಉದ್ದ, ನಾಲ್ಕೂವರೆ ಅಡಿ ಅಗಲ, ಮೇಲೆ ಮೆಟ್ಟಿಲಿನ ಹೊಟ್ಟೆ. ಒಳಗಿನ ತುದಿಯಲ್ಲಿ ಕೂತವರಿಗೂ ತಲೆ ತಾಗುತ್ತದೆ, ಕೊನೆಯ ಎರಡಡಿಯ ಹತ್ತಿರ ಮೇಜೂ ಹಿಡಿಯದಷ್ಟು ತಗ್ಗು. ಯಂತ್ರ ನಿಲ್ಲುವಷ್ಟು ಎತ್ತರವಿರುವುದು ಕಿಂಡಿಯ ಕಡೆ ಮಾತ್ರ, ಅಲ್ಲಿ ನಿಮ್ಮ ಮೇಜು. ಮೇಜನ್ನು ಆದಷ್ಟು ಒಳಕ್ಕೆ ಸರಿಸಿದರೆ ಪಕ್ಕದಲ್ಲಿ ಯಂತ್ರ ಸರಿಯಾಗಿ ಕೂರುತ್ತದೆ, ಬಿಸಿಗಾಳಿ ಹೋಗಲು ಹಿಂದೆ ನಾಲ್ಕು ಬೆರಳು ಬಿಟ್ಟರೆ ಸಾಕು. ನಾನೇ ನನ್ನ ಬಟ್ಟೆಯ ಟೇಪು ಹಿಡಿದು ಅಳೆದು, ಅಳತೆ ಬರೆದುಕೊಟ್ಟೆ. ಯಂತ್ರ ಬಂತು. ಕೂರಿಸಲು ಬಂದ ಮೆಕ್ಯಾನಿಕ್ಕಿಗೆ ಇಲ್ಲಿಯವರು ಗುಳ್ಳೆ ಮೇಸ್ತ್ರಿ ಎನ್ನುತ್ತಾರೆ, ಪಟಪಟನೆ ಮಾತಾಡುವ ದಪ್ಪ ಮನುಷ್ಯ. ಅವನು, ಅವನ ಜೊತೆಯವನು ಸೇರಿ ಎತ್ತಿ ತಳ್ಳಿದರು. ಹೋಗಲಿಲ್ಲ. ಆನೆ ಹೋಗಿ ಬಾಲ ಸಿಕ್ಕಿಕೊಂಡ ಹಾಗೆ, ಎರಡೇ ಬೆರಳು ಕಮ್ಮಿ. ಮೇಸ್ತ್ರಿ ನನ್ನ ಚೀಟಿ ನೋಡಿದ, ತನ್ನ ಪಟ್ಟಿ ಹಿಡಿದು ಅಳೆದ, "ಅಮ್ಮಾ, ಇಷ್ಟು ಜಾಗ ಇಲ್ಲಿ ಯಾವತ್ತೂ ಇರಲಿಲ್ಲ" ಎಂದ. ಆಗ ಹೊಳೆಯಿತು ನೋಡಿ. ಮೂವತ್ತು ವರ್ಷ ಶಾಲೆ ಮಕ್ಕಳ ಅಂಗಿ ಹೊಲಿದ ಕೈ ಇದು. ಮೈ ಅಳೆದ ಮೇಲೆ ಎರಡು ಬೆರಳು ಸಡಿಲ ಸೇರಿಸಿಯೇ ಬರೆಯುತ್ತದೆ, ನನ್ನನ್ನು ಕೇಳುವುದಿಲ್ಲ. ಅಂಗಡಿಗೂ ಸಡಿಲ ಸೇರಿಸಿ ಬರೆದಿದ್ದೆ. ಉಸಿರಾಡಲು ಜಾಗ ಬಿಟ್ಟಿದ್ದೆ ಎನ್ನಿ. ನೀವು ಎದುರಿಗಿದ್ದಿದ್ದರೆ "ನಿನ್ನ ತಲೆ" ಎನ್ನುತ್ತಿದ್ದಿರಿ, ಅವತ್ತು ನಾನೇ ಅಂದುಕೊಂಡೆ.

ಯಂತ್ರವನ್ನು ಆ ಮಧ್ಯಾಹ್ನ ಮೆಟ್ಟಿಲಿನ ಕೆಳಗೆ ಗೋಣಿ ಹೊದಿಸಿ ಇಟ್ಟು, ಬಡಗಿಯನ್ನು ಕರೆಸಿದೆ. ಮೇಜಿನಿಂದ ಎರಡು ಬೆರಳು ಕೊಯ್ದು ಕೊಡಪ್ಪ ಎಂದೆ. ಅವನು ಬಗ್ಗಿ ನೋಡಿ, "ಎರಡು ಬೆರಳು ಕೊಯ್ಯೋಕಾಗಲ್ಲಮ್ಮ. ಕಾಲು ಅಲ್ಲೇ ಇದೆ, ಡ್ರಾಯರ್‌ಗಳೂ ಅಲ್ಲೇ ಇವೆ. ತೆಗೆದ್ರೆ ಆ ಕಡೆ ಪೂರ್ತಿ ತೆಗೀಬೇಕು" ಎಂದ. ಪೂರ್ತಿ ಎಂದರೆ ಒಂದೂವರೆ ಅಡಿ. ನಾಲ್ಕಡಿ ಮೇಜಿನಲ್ಲಿ ಎರಡೂವರೆ ಉಳಿಯುತ್ತದೆ, ಮೊಣಕೈ ಒತ್ತಿ ಕೂತರೆ ಒಬ್ಬ ಮನುಷ್ಯ ಕೂರಬಹುದು. ನೀವು ಇಪ್ಪತ್ತೆರಡು ವರ್ಷ ಎಡ ಮೊಣಕೈ ಊರಿ ಊರಿ ಮರದಲ್ಲಿ ಬಟ್ಟಲಿನಂಥ ಗುಳಿ ಬಿದ್ದಿತ್ತಲ್ಲ, ಅದು ಕೊಯ್ಯುವ ಕಡೆಗೇ ಬಂತು. ನನಗೆ ಸಂಕಟವಾಯಿತು. ಸುಳ್ಳು ಹೇಳುವುದಿಲ್ಲ, ಆ ಗುಳಿಯ ಮೇಲೆ ಕೈಯಾಡಿಸಿದೆ, ಎಣ್ಣೆ ಹಚ್ಚಿದ ಹಾಗೆ ನುಣ್ಣಗಿತ್ತು. ಒಂದು ದಿನ ತಡಿ, ಡ್ರಾಯರ್ ಖಾಲಿ ಮಾಡಿಕೊಡುತ್ತೇನೆ ಎಂದು ಬಡಗಿಯನ್ನು ಕಳಿಸಿದೆ. ಬೇರೆ ದಾರಿ ಏನಾದರೂ ಇದೆಯೇ ಎಂದು ಯೋಚಿಸಲೂ ಒಂದು ದಿನ ಬೇಕಿತ್ತು. ಯಂತ್ರವನ್ನೇ ವಾಪಸ್ ಕಳಿಸಿಬಿಡಲೇ ಎಂದೂ ಅನ್ನಿಸಿತ್ತು.

ಬಾಗಿಲು ಅರ್ಧ ಎಳೆದುಕೊಂಡು ಡ್ರಾಯರ್ ಖಾಲಿ ಮಾಡಲು ಕೂತೆ. ಅಂಗಡಿಯೊಳಗೆ ನನಗೆ ಪ್ರವೇಶವೇ ಇರಲಿಲ್ಲವಲ್ಲ, ಎಲ್ಲವೂ ಹೊಸ ಊರು ನೋಡಿದ ಹಾಗಿತ್ತು. ನಿಮಗೆ ನೆನಪಿದೆಯೇ? ಊಟದ ಡಬ್ಬಿ ತಂದರೆ ಕಿಂಡಿಯಲ್ಲಿ ಕೊಟ್ಟು ಹೊರಗೆ ನಿಲ್ಲಬೇಕಿತ್ತು. ಒಂದು ಗಳಿಗೆ ಒಳಗೆ ಕೂರುತ್ತೇನೆ ಎಂದರೆ "ಜಾಗ ಎಲ್ಲಿದೆ ಹೇಳು?" ಎನ್ನುತ್ತಿದ್ದಿರಿ. ಮಗಳು ಹೊಟ್ಟೆಯಲ್ಲಿ ಏಳು ತಿಂಗಳು, ಕಾಲು ಬಾತುಕೊಂಡಿತ್ತು, ಅವತ್ತೂ ಕೇಳಿದ್ದೆ. "ನಿನ್ನ ಉಸಿರಿಗೆ ಸ್ಪ್ರಿಂಗ್ ಹಾರುತ್ತೆ, ಆಚೆ ನಿಲ್ಲು" ಎಂದಿರಿ. ಅದೇ ಹೊತ್ತಿಗೆ ಸ್ಟೇಷನ್ ಮಾಸ್ತರರು ಬಂದರು, ಸ್ಟೂಲನ್ನು ನಿಮ್ಮ ತೋಳಿನಿಂದ ಒರೆಸಿ ಅವರನ್ನು ಕೂರಿಸಿದಿರಿ. ಅವರು ಉಸಿರಾಡುತ್ತಿದ್ದರೋ ಇಲ್ಲವೋ ನಾನು ಹೊರಗಿನಿಂದ ನೋಡುತ್ತಲೇ ಇದ್ದೆ. ಇರಲಿ, ಹಳೆಯ ಮಾತು. ಮೊದಲ ಡ್ರಾಯರಿನಲ್ಲಿ ಮುಳ್ಳುಗಳು, ಎರಡನೆಯದರಲ್ಲಿ ಗಾಜುಗಳು ಮತ್ತು ಪಟ್ಟಿಗಳು. ಮೂರನೆಯದರ ತಳದಲ್ಲಿ ಒಂದು ಲಕೋಟೆ. ಅದರ ವಿಚಾರ ಕೊನೆಗೆ ಬರೆಯುತ್ತೇನೆ. ಈಗಲೇ ಬರೆದರೆ ಓರಗಿತ್ತಿ ಓದುವುದನ್ನು ನಿಲ್ಲಿಸಿಬಿಡುತ್ತಾಳೆ, ಅವಳ ಮನಸ್ಸು ಬೆಣ್ಣೆ.

ಮರುದಿನ ಬೆಳಿಗ್ಗೆ ಬಡಗಿ ಬಂದು ಕೊಯ್ದ. ಗಟ್ಟಿ ಮರ, ಅರ್ಧ ತಾಸು ಹಿಡಿಯಿತು. ಪಕ್ಕದ ಗೂಡಿನಲ್ಲಿ ಕೀಲಿಕೈ ಮಾಡಿಕೊಡುವ ತಾತ ಗರಗಸದ ಸದ್ದಿಗೆ ಎದ್ದು ಬಂದು, ತಲೆ ಮೇಲೆ ಕೈ ಹೊತ್ತು, "ಅವನು ಬಂದ್ರೆ ಎಲ್ಲಿ ಕೂತ್ಕೊಳ್ತಾನಮ್ಮ?" ಎಂದರು. ಜಾಗ ಎಲ್ಲಿದೆ ಹೇಳಿ ತಾತ, ಎಂದೆ. ಇಪ್ಪತ್ತೆರಡು ವರ್ಷ ಕೇಳಿಸಿಕೊಂಡ ಮಾತು, ಬಾಯಿಗೆ ತಾನಾಗಿ ಬಂತು. ಅದೇ ದಿನ ಮೊದಲು ಬಂದ ಯಂತ್ರವನ್ನು ವಾಪಸ್ ಕಳಿಸಿ ಬೇರೆಯದನ್ನು ತರಿಸಿಕೊಂಡೆ. ಅದರ ಕಾರಣವೂ ಕೊನೆಗೆ.

ಕೂರಿಸುವುದು ನೋಡಲು ಚೆನ್ನಾಗಿತ್ತು. ಗುಳ್ಳೆ ಮೇಸ್ತ್ರಿ ಮೊದಲು ರಸಮಟ್ಟ ಇಟ್ಟು ನೆಲದ ಡೊಂಕು ನೋಡಿದ, ಯಂತ್ರ ಕೂರುವ ಕಟ್ಟೆಯ ಒಂದು ಪಾದದ ಕೆಳಗೆ ತಗಡು ಕೊಟ್ಟ. ಹೊರಗಿನ ನಲ್ಲಿಯಿಂದ ಕೊಳವೆ ಎಳೆದು ಸೋಸುವ ಡಬ್ಬಿಗೆ ಸೇರಿಸಿದ. ಗ್ಯಾಸ್ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ಸರಪಳಿ ಬಿಗಿದ. ಮಲಗಿಸಬಾರದಂತೆ. ಇಷ್ಟು ಸಣ್ಣ ಜಾಗದಲ್ಲಿ ಗ್ಯಾಸ್ ಸೋರಿದರೆ ಕೂತವರಿಗೆ ಗೊತ್ತಾಗದೆಯೇ ಉಸಿರು ಕಟ್ಟುತ್ತದಂತೆ, ಅದಕ್ಕೇ ಒಂದೊಂದು ಜೋಡಣೆಗೂ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿದ, ಬಾಗಿಲಿನ ತಳದಲ್ಲಿ ಗಾಳಿಗೆ ತೂತು ಕೊರೆಸಿದ. ನಾನು ಆಗಲೇ ಗ್ಯಾಸ್ ತಿರುಗಿಸಲು ಹೋದೆ. "ಆತುರ ಬೇಡಮ್ಮ, ಬೆಚ್ಚಗಿರೋ ನೀರು ಗ್ಯಾಸ್ ಹಿಡಿಯಲ್ಲ. ಮೊದ್ಲು ತಣ್ಣಗಾಗ್ಲಿ" ಎಂದ. ಮೂರು ತಾಸು ಕಾದೆವು. ತಣ್ಣಗಾದ ಮೇಲೆ ಗ್ಯಾಸ್ ಬಿಟ್ಟು, ಮೊದಲ ಹತ್ತು ಲೋಟ ಚೆಲ್ಲಿ, ಹನ್ನೊಂದನೆಯದನ್ನು ನನಗೆ ಕೊಟ್ಟ. ಶುಂಠಿ. ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ನಿಮ್ಮ ಕಣ್ಣೊಳಗೂ ಗುಳ್ಳೆ, ನನ್ನ ಲೋಟದೊಳಗೂ ಗುಳ್ಳೆ. ಗಂಡಹೆಂಡಿರ ಋಣಾನುಬಂಧ ಎಂದರೆ ಇದೇ ಇರಬೇಕು.

ಈಗ ದಿನಾ ಸಂಜೆ ನಲ್ಲಿಯ ಮೂತಿಗಳನ್ನು ಬಿಚ್ಚಿ ಬಿಸಿನೀರಿನಲ್ಲಿ ತೊಳೆಯುತ್ತೇನೆ. ಸಕ್ಕರೆ ಪಾಕ ಕಟ್ಟಿಕೊಂಡಿದೆಯೇ ಎಂದು ನಿಮ್ಮ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡುತ್ತೇನೆ, ಬಹಳ ಉಪಯೋಗಕ್ಕೆ ಬಂದಿದೆ. ಜನ ಸಾಲು ನಿಲ್ಲುತ್ತಾರೆ. ಒಂದೇ ಒಂದು ಊನ, ಇದು ನಡುಗುತ್ತದೆ. ಒಂದು ಲೋಟಕ್ಕೆ ಹದಿನಾರು ಸೆಕೆಂಡು, ನಿಮ್ಮದೇ ಗೋಡೆ ಗಡಿಯಾರ ನೋಡಿ ಎಣಿಸಿದ್ದೇನೆ. ಯಂತ್ರದ ಕಟ್ಟೆಗೆ ಅಂಟಿಕೊಂಡೇ ನಿಮ್ಮ ಉಳಿದ ಮೇಜು, ಅದೂ ನಡುಗುತ್ತದೆ. ಮೊನ್ನೆ ಪರೀಕ್ಷೆಗೆಂದು ಒಂದು ತಟ್ಟೆಯಲ್ಲಿ ನಿಮ್ಮ ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಹರಡಿಟ್ಟು ಒಂದು ಲೋಟ ಕಿತ್ತಳೆ ಸೋಡಾ ಬಿಟ್ಟೆ. ಇರುವೆ ಸಾಲಿನ ಹಾಗೆ ಅಂಚಿಗೆ ನಡೆದುಬಂದವು. ಎರಡನೇ ಲೋಟಕ್ಕೆ ಕೆಳಗೆ ಬಿದ್ದವು. ಹುಡುಕಲು ಹೋಗಲಿಲ್ಲ. ಸಂಜೆ ಐದರಿಂದ ಏಳರವರೆಗೆ ಯಂತ್ರ ಒಂದು ನಿಮಿಷ ಸುಮ್ಮನಿರುವುದಿಲ್ಲ. ಆ ಮೇಜಿನ ಮೇಲೆ ಇನ್ನು ಯಾರೂ ಗಡಿಯಾರ ಬಿಚ್ಚಲಾರರು. ನಿಮ್ಮ ಕಣ್ಣು ಹದ್ದಿನ ಕಣ್ಣಾಗಿ ಬಂದರೂ ಅಷ್ಟೇ. ಚಿಮುಟ, ಸ್ಕ್ರೂಡ್ರೈವರು ಎಲ್ಲ ಎಣ್ಣೆಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಮನೆಯ ಅಟ್ಟದ ಮೇಲೆ ಇಟ್ಟಿದ್ದೇನೆ, ತುಕ್ಕು ಹಿಡಿಯುವುದಿಲ್ಲ.

ನೀವು ಬರುವ ತಿಂಗಳು ಖಂಡಿತ ಬನ್ನಿ. ಮನೆಯಲ್ಲಿ ನಿಮ್ಮ ಹಾಸಿಗೆ ಹಾಗೇ ಇದೆ. ಮಧ್ಯಾಹ್ನ ನನಗೆ ಊಟದ ಡಬ್ಬಿ ತಂದುಕೊಟ್ಟರೆ ಉಪಕಾರವಾಗುತ್ತದೆ. ಕಿಂಡಿಯ ಎಡಕ್ಕೆ ನಿಂತುಕೊಳ್ಳಿ, ಒಂದೂವರೆಯ ಮೇಲೆ ಮೆಟ್ಟಿಲಿನ ನೆರಳು ಅಲ್ಲಿಗೆ ಬರುತ್ತದೆ. ಅದಕ್ಕಿಂತ ಮುಂಚೆ ಬಂದರೆ ನೆತ್ತಿ ಸುಡುತ್ತದೆ. ಅನುಭವದ ಮಾತು. ಡಾಕ್ಟರು ಹೇಳಿದ ಹನಿ ಹೊತ್ತುಹೊತ್ತಿಗೆ ಹಾಕಿಸಿಕೊಳ್ಳಿ, ಕಣ್ಣು ಉಜ್ಜಬೇಡಿ. ಮೈದುನರಿಗೆ ನನ್ನ ನಮಸ್ಕಾರ. ಓರಗಿತ್ತಿ, ನಿನಗೆ ಪ್ರೀತಿ, ನೀನು ಬಂದಾಗ ನಿಂಬೆ ಸೋಡಾ ನನ್ನ ಕಡೆಯಿಂದ. ಕಣ್ಣು ಬೇಗ ವಾಸಿಯಾಗಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ. ನಿಜವಾಗಿ ಬೇಡಿಕೊಳ್ಳುತ್ತೇನೆ, ಇದೆಲ್ಲವನ್ನೂ ನೀವು ನೋಡಬೇಕಲ್ಲ.

ಇಂತಿ,
ನಿಮ್ಮ ಹೆಂಡತಿ

ಬರೆಯದೆ ಉಳಿದದ್ದು: ರೈಲು ಬರುವ ಹೊತ್ತಾಯಿತು, ಗಿರಾಕಿಗಳು ಕಿಂಡಿ ಬಡಿಯುತ್ತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ಆ ಲಕೋಟೆಯಲ್ಲಿ ಇದ್ದದ್ದು ನನ್ನ ಅಪ್ಪನ ಕೈಗಡಿಯಾರ. ಅಪ್ಪ ಹೋದ ಮೇಲೆ ನಾನು ನಿಮ್ಮ ಕೈಯಲ್ಲಿಟ್ಟು, ಇದನ್ನೊಂದು ನಡೆಯುವ ಹಾಗೆ ಮಾಡಿಕೊಡಿ, ಸದ್ದು ಕೇಳಿಸಿದರೆ ಸಾಕು ಎಂದಿದ್ದೆ. ಹನ್ನೊಂದು ವರ್ಷ ಕೇಳಿದೆ. ಹನ್ನೊಂದು ವರ್ಷ "ಸರದಿ ಬರಲಿ" ಎಂದಿರಿ. ದೀಪದ ಬುಡದಲ್ಲಿ ಕತ್ತಲೆ ಎಂದು ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಲಕೋಟೆಯ ಮೇಲೆ ನಿಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದಿದೆ: "ಮಾವನವರದು. ಬಿಡಿಭಾಗಕ್ಕೆ." ಹಿಂದೆ ಯಾವುದು ಯಾರಿಗೆ ಹಾಕಿದ್ದು ಎಂದು ತಾರೀಖಿನ ಸಮೇತ ಇದೆ, ನಿಮ್ಮ ಕೆಲಸ ಯಾವಾಗಲೂ ಚೊಕ್ಕ. ಒಳಗಿನ ಚಕ್ರ ಸ್ಟೇಷನ್ ಮಾಸ್ತರರಿಗೆ. ಅದರ ತಾರೀಖು ಅಪ್ಪ ಹೋದ ಮೂರನೇ ವಾರದ್ದು. ಆಮೇಲೆ ಮುಳ್ಳು, ಆಮೇಲೆ ಗಾಜು. ಉಳಿದದ್ದು ಚಿಪ್ಪು. ಮಾಸ್ತರರು ಈಗಲೂ ದಿನಾ ಬಂದು ಈ ಸ್ಟೂಲಿನ ಮೇಲೆ ಕೂತು ಸೋಡಾ ಕುಡಿಯುತ್ತಾರೆ, ಅವರ ಮಣಿಕಟ್ಟಿನ ಹತ್ತಿರ ಕಿವಿ ಕೊಡುವ ಹಾಗಾಗುತ್ತದೆ ನನಗೆ. ಲಕೋಟೆ ಸಿಕ್ಕ ಮರುದಿನ ಬೆಳಿಗ್ಗೆ ಗುಳ್ಳೆ ಮೇಸ್ತ್ರಿಗೆ ಹೇಳಿದೆ, ಇದನ್ನು ಒಯ್ಯಿ, ನಡುಗುವುದನ್ನು ತಾ ಎಂದು. "ಯಾಕಮ್ಮ, ಎರಡರ ಅಳತೆನೂ ಒಂದೇ ಅಲ್ವಾ?" ಎಂದ. ಹೌದು, ಅಳತೆ ಒಂದೇ ಎಂದೆ. ಅಪ್ಪನ ಗಡಿಯಾರದ ಚಿಪ್ಪನ್ನು ಯಂತ್ರದ ನೆತ್ತಿಯ ಮೇಲೆ ಇಟ್ಟಿದ್ದೇನೆ. ಒಂದೊಂದು ಲೋಟಕ್ಕೂ ಹದಿನಾರು ಸೆಕೆಂಡು ಗಲಗಲ ಎನ್ನುತ್ತದೆ. ಬಂದಾಗ ಕೇಳಿಸಿಕೊಳ್ಳುವಿರಂತೆ, ಹೊರಗೆ ನಿಂತು.